ಬೆಟ್ಟದ ಕಾಲುದಾರಿ

ಕಾಲುದಾರಿಯನ್ನು ಯಾರೂ ಮಾಡುವುದಿಲ್ಲ, ಅದು ತಾನಾಗಿಯೇ ಆಗುತ್ತದೆ ಎಂಬ ನಂಬಿಕೆಯು ಜನರಲ್ಲಿ ಬಹುಕಾಲದಿಂದ ಬೇರೂರಿದೆ. ದನಗಾಹಿಯು ನಡೆದನು, ಅವನ ಹಿಂದೆ ಸೌದೆ ಹೊರುವವರು ನಡೆದರು, ಹುಲ್ಲು ಸವೆದು ದಾರಿಯಾಯಿತು. ಹತ್ತು ಮಂದಿ ತಿರುಗಾಡುವ ಹಳ್ಳಿಯ ಮಟ್ಟಿಗೆ ಈ ಮಾತು ಸರಿಯೇ. ಆದರೆ ಬೆಟ್ಟವನ್ನು ನೋಡಿ ಸಂತೋಷಪಡುವುದಕ್ಕೆಂದೇ ಪಟ್ಟಣಗಳಿಂದ ನೂರಾರು ಮಂದಿ ಹೊರಟುಬರುವ ಈ ಕಾಲದಲ್ಲಿ, ತಾನಾಗಿ ಆದ ದಾರಿಯು ಬೆಟ್ಟದ ಮೈಮೇಲಣ ಗಾಯವಾಗುತ್ತದೆ.

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಏರುವ ದಾರಿಯನ್ನೇ ನೋಡಬಹುದು. 1712 ಮೀಟರು ಎತ್ತರದ ಈ ಶಿಖರವು ಪುಷ್ಪಗಿರಿ ವನ್ಯಧಾಮದೊಳಗಿದೆ. 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಈ ಧಾಮವೂ ಒಂದು. ದಾರಿಯು ಮೊದಲು ದಟ್ಟವಾದ ಕಾಡಿನೊಳಗೆ ಏರಿ ಗಿರಿಗದ್ದೆಯನ್ನು ಮುಟ್ಟುತ್ತದೆ; ಅಲ್ಲಿಂದ ಮುಂದೆ ಬಯಲಾದ ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ, ಮತ್ತೆ ಕಾಡಿನದೊಂದು ತುಂಡು, ಕಡೆಗೆ ಶಿಖರ. ಕಾಡಿನಲ್ಲಿ ಮರಗಳೇ ನಡೆಯುವವನನ್ನು ದಾರಿ ತಪ್ಪದಂತೆ ತಡೆಯುತ್ತವೆ. ಹುಲ್ಲುಗಾವಲಿನಲ್ಲಿ ಅಂತಹ ಕಟ್ಟಿಲ್ಲ. ಜಾರುವ ಮಣ್ಣನ್ನು ಕಂಡವನು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾನೆ. ಅವನ ಹಿಂದಿನವನು ಇನ್ನೊಂದು ಹೆಜ್ಜೆ ಆಚೆ ಸರಿಯುತ್ತಾನೆ. ಹೀಗೆ ಒಂದು ದಾರಿ ಮೂರಾಗುತ್ತದೆ.

2024ರ ಜನವರಿ ಕೊನೆಯ ರಜೆಯಲ್ಲಿ ಈ ಬೆಟ್ಟಕ್ಕೆ ಒಮ್ಮೆಲೇ ಸಾವಿರಾರು ಮಂದಿ ನುಗ್ಗಿದರು. ಆ ಬಳಿಕ ಸರಕಾರವು ಮುಂಗಡ ನೋಂದಣಿಯ ಏರ್ಪಾಡಿಲ್ಲದ ಚಾರಣಗಳನ್ನು ಕೆಲಕಾಲ ನಿಲ್ಲಿಸಿತು. ಅಂತರ್ಜಾಲದ ಮೂಲಕ ಚೀಟಿ ಕೊಡುವ ಕ್ರಮವನ್ನು ತಂದು, ದಿನಕ್ಕೆ ಹೆಚ್ಚೆಂದರೆ 300 ಮಂದಿ ಎಂಬ ಮಿತಿಯನ್ನು ಗೊತ್ತುಮಾಡಿತು. ಇದು ಮಾಡತಕ್ಕ ಕೆಲಸವೇ ಸರಿ. ಆದರೆ ತಲೆಗಳನ್ನು ಎಣಿಸಿದ ಮಾತ್ರಕ್ಕೆ ಬೆಟ್ಟವು ಉಳಿಯುವುದಿಲ್ಲ. ತುಳಿತದ ಪರಿಣಾಮವನ್ನು ಅಳೆದು ನೋಡಿದ ಶಾಸ್ತ್ರಜ್ಞರು ಕಂಡುಕೊಂಡ ಸಂಗತಿಯೊಂದುಂಟು: ಹಾನಿಯ ಬಹುಪಾಲು ಮೊದಮೊದಲಿನ ಹೆಜ್ಜೆಗಳಿಂದಲೇ ಆಗುತ್ತದೆ, ನೆಲ ಸವೆದು ಗಟ್ಟಿಯಾದ ಮೇಲೆ ಪ್ರತಿಯೊಂದು ಹೆಜ್ಜೆಯೂ ಮಾಡುವ ಹೊಸ ಹಾನಿ ಕಡಿಮೆ. ಆದುದರಿಂದ ಎಳೆಯ ಹುಲ್ಲಿನ ಮೇಲೆ ಚೆದರಿ ನಡೆದ ಕೆಲವರು, ಗಟ್ಟಿಯಾದ ಒಂದೇ ದಾರಿಯಲ್ಲಿ ಸಾಲಾಗಿ ನಡೆದ ಬಹುಮಂದಿಗಿಂತ ಹೆಚ್ಚು ಕೆಡಿಸಬಲ್ಲರು. ಎಷ್ಟು ಮಂದಿ ಬಂದರೆಂಬುದರಷ್ಟೇ ಅವರು ಎಲ್ಲಿ ಕಾಲಿಟ್ಟರೆಂಬುದೂ ಮುಖ್ಯ.

ಕಾಲನ್ನು ದಾರಿಯಲ್ಲಿ ನಿಲ್ಲಿಸುವ ಉಪಾಯವು ಗದರಿಕೆಯ ಫಲಕವಲ್ಲ, ಒಳ್ಳೆಯ ದಾರಿಯೇ. ಅದರ ಮೊದಲನೆಯ ವೈರಿ ಮಳೆಯ ನೀರು. ಇಳಿಜಾರಿನಲ್ಲಿ ನೆಟ್ಟಗೆ ಮೇಲೇರಿದ ದಾರಿಯು ಮಳೆಗಾಲದಲ್ಲಿ ಹಳ್ಳವೇ ಆಗಿಬಿಡುತ್ತದೆ. ಆದಕಾರಣ ದಾರಿ ಕಟ್ಟುವವರು ಬೆಟ್ಟದ ಪಕ್ಕೆಯನ್ನು ಅಡ್ಡಲಾಗಿ ಬಳಸಿಕೊಂಡು ಹೋಗುತ್ತಾರೆ. ಸಾಮಾನ್ಯವಾಗಿ ಹತ್ತು ಅಡಿ ನಡೆದರೆ ಒಂದು ಅಡಿ ಏರುವಂತೆ, ಎಲ್ಲಿಯೂ ಪಕ್ಕೆಯ ಇಳಿಜಾರಿನ ಅರ್ಧವನ್ನು ಮೀರದಂತೆ ನೋಡಿಕೊಳ್ಳುತ್ತಾರೆ. ಹೊರ ಅಂಚು ತುಸು ತಗ್ಗಾಗಿದ್ದರೆ ನೀರು ದಾರಿಯನ್ನು ದಾಟಿ ಹೋಗುವುದೇ ಹೊರತು ದಾರಿಯುದ್ದಕ್ಕೂ ಹರಿಯುವುದಿಲ್ಲ. ಅಲ್ಲಲ್ಲಿ ಏರಿಕೆಯ ನಡುವೆ ಒಂದು ಸಣ್ಣ ಇಳಿತವನ್ನಿಟ್ಟರೆ ಉಳಿದ ನೀರೂ ಅಲ್ಲಿಯೇ ಹೊರಬೀಳುತ್ತದೆ.

ಎರಡನೆಯ ವೈರಿ ಮನುಷ್ಯನ ಅವಸರ. ದಾರಿಯ ತಿರುವಿನಲ್ಲಿ ಕೆಳಗಿನ ಸುತ್ತು ಕಣ್ಣಿಗೆ ಬಿದ್ದೊಡನೆ ತರುಣನು ನೆಟ್ಟಗೆ ಧುಮುಕುತ್ತಾನೆ. ಮುಂದಿನ ಮಳೆಗೆ ಅವನ ಒಳದಾರಿಯೇ ಕಾಲುವೆಯಾಗುತ್ತದೆ. ಬಂಡೆಯನ್ನೋ ಪೊದೆಯನ್ನೋ ಮರೆಯಾಗಿಟ್ಟುಕೊಂಡು ತಿರುವನ್ನು ಕಟ್ಟಿದರೆ ಆ ಆಸೆಯೇ ಹುಟ್ಟುವುದಿಲ್ಲ. ನಡೆಯುವವನ ಸ್ವಭಾವವನ್ನು ಬಲ್ಲವನೇ ಒಳ್ಳೆಯ ದಾರಿಯನ್ನು ಕಟ್ಟಬಲ್ಲನು.

ಕಟ್ಟಿದ ಮೇಲೂ ಕೆಲಸ ಮುಗಿಯಲಿಲ್ಲ. ಮಳೆಗೆ ಮುಂಚೆ ನೀರಿನ ಬಾಯಿಗಳಲ್ಲಿ ತುಂಬಿದ ಮಣ್ಣನ್ನು ತೆಗೆಯಬೇಕು. ಮಳೆ ಹೋದ ಮೇಲೆ ಕೊಚ್ಚಿಹೋದ ಅಂಚನ್ನು ಕಟ್ಟಬೇಕು. ಒಳದಾರಿಗಳಿಗೆ ಮುಳ್ಳು ಕಡಿದು ಹಾಕಿ, ಹುಲ್ಲು ಮರಳಿ ಬರುವವರೆಗೆ ಮುಚ್ಚಬೇಕು. ಯಾವ ತಿರುವಿನಲ್ಲಿ ನೀರು ಉಕ್ಕುವುದೆಂಬುದನ್ನು ವರ್ಷವೂ ಕಣ್ಣಾರೆ ಕಾಣುವವರು ಬೆಟ್ಟದ ಬುಡದ ಊರಿನವರು. ಚೀಟಿಯ ಹಣದಲ್ಲಿ ಒಂದು ಪಾಲು ಈ ದುಡಿಮೆಯ ಕೂಲಿಯಾಗಿ ಅವರ ಕೈ ಸೇರಿದರೆ, ಬೆಟ್ಟವು ಅವರಿಗೆ ಪರರ ವಿನೋದಸ್ಥಳವಾಗಿ ಉಳಿಯದು. ಹಾಗಾಗದೆ ಹೋದಲ್ಲಿ ದಾರಿಯು ವರ್ಷವರ್ಷಕ್ಕೂ ಅಗಲವಾಗುತ್ತ ಹೋಗಿ, ಕೊನೆಗೆ ಬಾಗಿಲು ಹಾಕುವುದೊಂದೇ ಉಪಾಯವಾಗುತ್ತದೆ. ಆಗ ಮೆಲ್ಲನೆ ನಡೆಯಬಲ್ಲವನಿಗೂ ಶಿಖರವು ದೂರದ ನೋಟವಾಗಿಯೇ ಉಳಿಯುತ್ತದೆ.