ಹೊಸ ಕಪಾಟಿನ ವಾಸನೆ

ನಮ್ಮ ಸೀಮೆಯಲ್ಲಿ ಮರಕ್ಕೆ ಬಡತನವಿರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳೆಯ ಮನೆಗಳಲ್ಲಿ ಹಲಸಿನ ಬಾಗಿಲು, ಮತ್ತಿಯ ತೊಲೆ, ಸಾಗುವಾನಿಯ ಪೆಟ್ಟಿಗೆಗಳು ಮೂರು ತಲೆಮಾರುಗಳನ್ನು ಕಂಡು ಇನ್ನೂ ಗಟ್ಟಿಯಾಗಿಯೇ ಇವೆ. ಈಗಲಾದರೋ ಅಂಥ ಮರವು ಸಾಮಾನ್ಯ ಗೃಹಸ್ಥನ ಕೈಗೆ ನಿಲುಕದು. ನಿಲುಕಿದರೂ ಕೊಯ್ಯಿಸಿ, ಒಣಗಿಸಿ, ಆಚಾರಿಯ ದಾರಿ ಕಾಯುವ ತಾಳ್ಮೆ ಯಾರಿಗುಂಟು? ಆದ್ದರಿಂದ ಪೇಟೆಯಿಂದ ಸಿದ್ಧ ಕಪಾಟು, ಮಂಚ, ಮೇಜುಗಳು ಬರತೊಡಗಿವೆ. ಹೊರಗೆ ನೋಡಿದರೆ ಬೀಟೆಯ ಬಣ್ಣ. ಒಳಗಿರುವುದು ಮರದ ಹುಡಿ.

ಹುಡಿ, ಚಕ್ಕೆ ಅಥವಾ ನಾರುಗಳನ್ನು ಅಂಟಿನೊಡನೆ ಕಲಸಿ, ಕಾವು ಕೊಟ್ಟು, ಒತ್ತಿ ಈ ಹಲಗೆಗಳನ್ನು ಮಾಡುತ್ತಾರೆ. ಹುಡಿ-ಚಕ್ಕೆಗಳದಕ್ಕೆ ಪಾರ್ಟಿಕಲ್ ಬೋರ್ಡ್ ಎಂದೂ ನಾರಿನದಕ್ಕೆ ಎಂ.ಡಿ.ಎಫ್. ಎಂದೂ ಹೆಸರು. ಅಂಟು ಬಹುಮಟ್ಟಿಗೆ ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಎಂಬೆರಡು ದ್ರವ್ಯಗಳ ಪಾಕ. ಶಾಲೆಯ ವಿಜ್ಞಾನದ ಕೋಣೆಯಲ್ಲಿ ಗಾಜಿನ ಭರಣಿಯೊಳಗೆ ಕಪ್ಪೆ, ಹಾವುಗಳನ್ನು ಕೆಡದಂತೆ ಇಟ್ಟಿರುತ್ತಾರಷ್ಟೆ. ಆ ಭರಣಿಯ ಫಾರ್ಮಲಿನ್ ಎಂದರೆ ಇದೇ ಫಾರ್ಮಾಲ್ಡಿಹೈಡನ್ನು ನೀರಿನಲ್ಲಿ ಕರಗಿಸಿದ ದ್ರವ. ಪಕ್ಕದ ಕೋಣೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ನನಗೆ ಆ ಘಾಟು ಮೂವತ್ತು ವರ್ಷಗಳ ಪರಿಚಯದ್ದು. ಗಂಧವು ಪೃಥಿವಿಯ ಗುಣವೆಂದು ತಾರ್ಕಿಕರು ಹೇಳುತ್ತಾರೆ. ಈ ಗಂಧವು ಯಾವ ಭೂತದ್ದೆಂದು ಅವರನ್ನೇ ಕೇಳಬೇಕು.

ಎರಡು ವರ್ಷಗಳ ಹಿಂದೆ, ಮಳೆಗಾಲ ಹಿಡಿಯುವ ಹೊತ್ತಿಗೆ, ಅದೇ ಘಾಟು ಹೇರೂರಿನ ನಮ್ಮ ಮನೆಯ ಒಳಕೋಣೆಯಲ್ಲಿ ಮೂಗಿಗೆ ಬಡಿಯಿತು. ಮೊಮ್ಮಗಳ ಪುಸ್ತಕ, ಬಟ್ಟೆಗಳಿಗೆಂದು ಮಗನು ಹೊಸ ಕಪಾಟು ತರಿಸಿದ್ದನು. ಮಗುವಿಗೆ ಏಳು ವರ್ಷ. ವಾರದೊಳಗೆ ಕಣ್ಣುರಿ, ಗಂಟಲ ಕೆರೆತ, ರಾತ್ರಿಯಿಡೀ ಒಣಕೆಮ್ಮು. ಮಳೆಗಾಲದ ಶೀತವೆಂದು ಸೊಸೆ ಕಷಾಯ ಕೊಟ್ಟಳು, ಇಳಿಯಲಿಲ್ಲ. ಒಂದೆರಡು ದಿನ ಜಗಲಿಯಲ್ಲಿ ಅಜ್ಜಿಯ ಬಳಿ ಮಲಗಿದಾಗ ಕೆಮ್ಮು ನಿಂತಿತು, ಕೋಣೆಗೆ ಮರಳಿದಾಗ ಮರಳಿತು. ಶಿರಸಿಯ ವೈದ್ಯರು ಎದೆಯನ್ನು ಪರೀಕ್ಷಿಸಿ, “ಮಾಸ್ತರರೇ, ಕೋಣೆಯಲ್ಲಿ ಹೊಸದೇನು ಬಂದಿದೆ?” ಎಂದು ಕೇಳಿದರು. ಗೋಡೆಯ ಬೂಷ್ಟಿನಿಂದಲೂ ಇಂಥ ಕೆಮ್ಮು ಬರುವುದುಂಟೆಂದು ಅವರೇ ಹೇಳಿದ್ದರಿಂದ, ಬೇರೇನನ್ನೂ ಕದಲಿಸದೆ ಕಪಾಟನ್ನು ಮಾತ್ರ ಕೊಟ್ಟಿಗೆಯ ಅಟ್ಟಕ್ಕೆ ಸಾಗಿಸಿದೆವು. ನಾಲ್ಕನೆಯ ರಾತ್ರಿ ಮಗು ಕೆಮ್ಮದೆ ಮಲಗಿತು.

“ಅಪ್ಪಯ್ಯ, ಊರೆಲ್ಲ ಇದನ್ನೇ ಕೊಳ್ಳುತ್ತದಲ್ಲ!” ಎಂದನು ಮಗ. ಮಾರಿದವನೂ ಅದನ್ನೇ ಹೇಳಿ, ವಾಸನೆಯು ಹೊಸತನದ ಗುರುತೆಂದು ನಕ್ಕುಬಿಟ್ಟನಂತೆ. ಅರ್ಧ ನಿಜ. ಹಲಗೆಯು ಹೊಸದಾಗಿರುವ ಮೊದಲ ತಿಂಗಳುಗಳಲ್ಲಿ ಅನಿಲವು ಹೆಚ್ಚು ಹೊರಡುತ್ತದೆ, ಬರಬರುತ್ತ ತಗ್ಗುತ್ತದೆ. ಆದರೆ ವರ್ಷಗಟ್ಟಲೆ ಪೂರ್ತಿ ನಿಲ್ಲದು. ಸೆಕೆಯೂ ತೇವವೂ ಕೂಡಿದರೆ ಯೂರಿಯಾದ ಅಂಟು ಸಡಿಲಿ ಮತ್ತಷ್ಟನ್ನು ಬಿಡುತ್ತದೆ. ಜ್ಯೇಷ್ಠದಿಂದ ಶ್ರಾವಣದವರೆಗೆ ಕಿಟಕಿ ಮುಚ್ಚಿ ಕೂಡುವ ಮಲೆನಾಡಿಗೆ ಇದಕ್ಕಿಂತ ಒಗ್ಗದ ವಸ್ತು ಇನ್ನಾವುದು? ಮೂಗಾದರೋ ಬೇಗನೆ ಹೊಂದಿಕೊಂಡು ನಮ್ಮನ್ನು ವಂಚಿಸುತ್ತದೆ.

ಅಮೇರಿಕದಲ್ಲಿ 2005ರ ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಸರಕಾರವು ಕೊಟ್ಟ ಗಾಡಿಮನೆಗಳಲ್ಲಿ ಜನರು ಕಣ್ಣುರಿ, ಉಬ್ಬಸಗಳಿಂದ ನರಳಿದರು; ಪರೀಕ್ಷಿಸಿದಾಗ ಒಳಗಿನ ಗಾಳಿಯಲ್ಲಿ ಈ ಅನಿಲವು ಮಿತಿಮೀರಿತ್ತು. 2010ರಲ್ಲಿ ಅಲ್ಲಿ ಇಂಥ ಹಲಗೆಗಳಿಗೆಂದೇ ಕಾನೂನಾಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಮನೆಯೊಳಗೆ ಒಂದು ಘನಮೀಟರ್ ಗಾಳಿಗೆ 0.1 ಮಿಲಿಗ್ರಾಮನ್ನು, ಅರ್ಧ ತಾಸಿನ ಸರಾಸರಿಯಾಗಿ, ಮೇರೆಯೆಂದು ವಿಧಿಸಿತು. ಲಿಯೋನ್ ನಗರದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ಇದನ್ನು ಮನುಷ್ಯರಲ್ಲಿ ಅರ್ಬುದಕಾರಕವೆಂದು ನಿರ್ಣಯಿಸಿತ್ತು. ಈ ಮಾತಿನಿಂದ ಯಾರೂ ಗಾಬರಿಯಾಗತಕ್ಕದ್ದಿಲ್ಲ. ಆ ನಿರ್ಣಯಕ್ಕೆ ಆಧಾರವಾದವರು ಮುಖ್ಯವಾಗಿ ಕಾರಖಾನೆಗಳಲ್ಲಿ ಬಹುಕಾಲ ಇದನ್ನು ಉಸಿರಾಡಿದ ಕೆಲಸಗಾರರು. ನಮ್ಮ ಬಚ್ಚಲೊಲೆಯ ಹೊಗೆಯಲ್ಲಿಯೂ, ಊದಿನಕಡ್ಡಿಯಲ್ಲಿಯೂ, ಬೀಡಿಯಲ್ಲಿಯೂ ಇದೇ ಅನಿಲವುಂಟೆಂಬುದನ್ನು ಪೇಟೆಯವರನ್ನು ಬಯ್ಯುವ ಮುನ್ನ ನೆನೆಯುವುದು ನ್ಯಾಯ.

ಕೊಳ್ಳಲೇಬೇಕಾದವರು ಅಂಗಡಿಯಲ್ಲಿ ಇ1 ಎಂಬ ಗುರುತನ್ನು ಕೇಳಬೇಕು. ನೂರು ಗ್ರಾಂ ಹಲಗೆಯಲ್ಲಿ ಈ ದ್ರವ್ಯವು 8 ಮಿಲಿಗ್ರಾಮಿಗೆ ಮೀರಿಲ್ಲವೆಂದು ಅದರ ತಾತ್ಪರ್ಯ. ಕಪಾಟನ್ನು ಬೇಸಗೆಯಲ್ಲಿಯೇ ತರಿಸಿ, ಬಾಗಿಲು ತೆರೆದು, ಗಾಳಿಯಾಡುವ ಜಗಲಿಯಲ್ಲಿ ತಿಂಗಳೆರಡು ತಿಂಗಳು ಇರಿಸಿ, ಆಮೇಲೆ ಒಳಗೊಯ್ಯಲಿ. ಅಟ್ಟದ ಮೇಲಿದ್ದ ನಮ್ಮ ಕಪಾಟನ್ನು ತಿರುಗಿಸಿ ನೋಡಿದ ಆಚಾರಿಯು, ಹಿಂಬದಿಗೂ ತಿರುಪು ಹಾಕಿದ ತೂತುಗಳಿಗೂ ಹೊದಿಕೆಯೇ ಇಲ್ಲದ್ದನ್ನು ತೋರಿಸಿದನು. ಹೊಗೆ ಹೊರಡುವುದು ಹೆಚ್ಚಾಗಿ ಅಂಥ ಬರಿಯ ಅಂಚುಗಳಿಂದಲೇ. ಅದನ್ನೆಲ್ಲ ಮುಚ್ಚಿಕೊಡುತ್ತೇನೆಂದು ಅವನು ಒಪ್ಪಿದ್ದನು. ಸೊಸೆ ಒಪ್ಪಲಿಲ್ಲ. ಮಗುವಿನ ಪುಸ್ತಕಗಳು ಈಗ ನಮ್ಮ ತಾಯಿಯವರ ಹಲಸಿನ ಪೆಟ್ಟಿಗೆಯಲ್ಲಿವೆ. ಅದರ ಮುಚ್ಚಳ ಮಾತ್ರ ಬಲು ಭಾರ, ತೆರೆಯಬೇಕಾದಾಗಲೆಲ್ಲ ಅಜ್ಜನನ್ನು ಕೂಗುತ್ತಾಳೆ.