ಮಗ್ಗೆಯ ದೊಡ್ಡಮ್ಮನವರು

ಪ್ರತಿವರ್ಷವೂ ಹೊಸ ಹುಡುಗಿಯರನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಅವರ ತಾಯಂದಿರನ್ನು ನಾನು ಒಂದು ಪ್ರಶ್ನೆ ಕೇಳಬೇಕಾಗುವುದು: “ತಮ್ಮ ಉದ್ಯೋಗವೇನು?” ಅನೇಕರು ತಲೆ ತಗ್ಗಿಸಿ, “ಏನೂ ಇಲ್ಲಮ್ಮ, ಮನೆಯಲ್ಲಿಯೇ ಇದ್ದೇನೆ” ಎನ್ನುವರು. ಉಪಾಧ್ಯಾಯಿನಿಯಾದ ಮೊದಲ ವರ್ಷಗಳಲ್ಲಿ ನಾನು ಆ ಅಂಕಣದಲ್ಲಿ ಒಂದು ಅಡ್ಡಗೆರೆಯನ್ನೆಳೆದು ಮುಂದಕ್ಕೆ ಹೋಗುತ್ತಿದ್ದೆನು. ಈಗ ಹಾಗೆ ಮಾಡಲು ಕೈ ಬಾರದು. ಅದರ ಕಾರಣವನ್ನು ನಮ್ಮ ವಿದ್ಯಾರ್ಥಿನಿಯರಿಗೆ ತಿಳಿಸುವುದು ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದುದು ಆಲೂರು ತಾಲ್ಲೂಕಿನ ಮಗ್ಗೆಯಲ್ಲಿ. ಗುಡ್ಡದ ಇಳಿಜಾರಿನಲ್ಲಿ ಕಾಫಿಯ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ. ಇವೆರಡರ ನಡುವೆ ಜನರ ಬಾಳು. ನಮ್ಮ ನೆರೆಮನೆಯಲ್ಲಿ ಕಥೋಲಿಕ ಮತದ ಒಬ್ಬ ಗೃಹಿಣಿಯಿದ್ದರು. ಜಾತಿಮತಗಳ ಭೇದವಿಲ್ಲದೆ ಊರೆಲ್ಲವೂ ಅವರನ್ನು ದೊಡ್ಡಮ್ಮನವರೆಂದೇ ಕರೆಯುತ್ತಿತ್ತು. 1947ರ ಸುಮಾರಿಗೆ ಮದುವೆಯಾಗಿ ದಕ್ಷಿಣ ಕನ್ನಡದಿಂದ ಘಟ್ಟವನ್ನೇರಿ ಬಂದ ಅವರ ಮನೆಮಾತು ಕೊಂಕಣಿ. ತೊಂಬತ್ತು ದಾಟುವ ತನಕ ಬದುಕಿದರು. ಅಷ್ಟು ದೀರ್ಘವಾದ ಆಯುಷ್ಯದಲ್ಲಿ ಒಂದು ಸಂಘದ ಅಧ್ಯಕ್ಷೆಯಾಗಲಿಲ್ಲ; ಒಂದು ಸಭೆಯಲ್ಲಿ ಹಾರ ಹಾಕಿಸಿಕೊಳ್ಳಲಿಲ್ಲ.

ಸೆಪ್ಟೆಂಬರ್ 8ರಂದು ಕನ್ಯಾಮಾತೆಯ ಜನ್ಮದಿನ; ಕರಾವಳಿಯ ಕಥೋಲಿಕರಿಗೆ ಅದೇ ತೆನೆಹಬ್ಬವಾದ ಮೊಂತಿ ಹಬ್ಬ. ಘಟ್ಟದ ಕೆಳಗೆ ತೆನೆ ಹಾಲುದುಂಬುವ ಆ ಕಾಲದಲ್ಲಿ ನಮ್ಮ ಗದ್ದೆಗಳ ಪೈರು ಇನ್ನೂ ಹಸಿರಾಗಿಯೇ ಇರುವುದು. ಆದುದರಿಂದ ತವರಿನಿಂದ ಬಸ್ಸಿನಲ್ಲಿ ನಾಲ್ಕು ತೆನೆ ಬರುವುದನ್ನು ದೊಡ್ಡಮ್ಮನವರು ಕಾದಿರುತ್ತಿದ್ದರು. ಆ ಹಬ್ಬದ ಊಟದಲ್ಲಿ ಮೀನುಮಾಂಸಗಳಿಲ್ಲ, ಬರಿಯ ತರಕಾರಿ. “ಇಂದು ನೀವು ಯಾರೂ ಸಂಕೋಚಪಡಬೇಕಾಗಿಲ್ಲ” ಎಂದು ನಗುತ್ತ ಒಕ್ಕಲಿಗರ ಮನೆಯವರನ್ನೂ ಲಿಂಗಾಯತರ ಮನೆಯವರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸುತ್ತಿದ್ದರು.

ನಮ್ಮ ಹಾಸನದ ಸೀಮೆಗೂ ದೇವಿ ಹಾಕಿಸುವ ಕೆಲಸಕ್ಕೂ ಹಳೆಯ ನಂಟುಂಟು. 1792ರಿಂದ 1823ರವರೆಗೆ ಭಾರತದಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಅವರು ಇಲ್ಲಿನ ಸಾತಹಳ್ಳಿಯಲ್ಲಿ ಬೇಸಾಯಗಾರರನ್ನು ನೆಲೆಗೊಳಿಸಿದರು. ಮೈಸೂರು ಸೀಮೆಯಲ್ಲಿ ಸಿಡುಬಿಗೆ ದೇವಿ ಹಾಕಿಸುವುದಕ್ಕಾಗಿ ಬಹಳ ಶ್ರಮಪಟ್ಟರು. ದೊಡ್ಡಮ್ಮನವರು ಇದನ್ನು ಓದಿದವರಲ್ಲ. ಅವರಿಗೆ ಅಕ್ಷರವೇ ಬಾರದು. ಆದರೆ 1995ರಲ್ಲಿ ಪಲ್ಸ್ ಪೋಲಿಯೋ ಆರಂಭವಾದಾಗ ಅದು ಕಾಫಿ ಕೊಯ್ಲಿನ ಕಾಲ. ತೋಟಕ್ಕೆ ಹೊರಟ ತಾಯಂದಿರು ದಿನದ ಕೂಲಿ ಬಿಟ್ಟು ಬರಲೊಲ್ಲರು. ದೊಡ್ಡಮ್ಮನವರು ಬೆಳಗಿನ ಮಂಜಿನಲ್ಲಿಯೇ ಲೈನುಮನೆಗಳಿಗೆ ಹೋಗಿ, “ನೀವು ಹಣ್ಣು ಕೊಯ್ಯಿರಿ, ಮಕ್ಕಳನ್ನು ನನಗೆ ಕೊಡಿರಿ” ಎಂದು ಕೇಳಿ, ಕಂಕುಳಲ್ಲೊಂದು, ಕೈಯಲ್ಲೊಂದು ಮಗುವನ್ನು ಕರೆತಂದು ಹನಿ ಹಾಕಿಸಿದರು. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಪ್ರಕಟವಾದಾಗ ನನ್ನ ಕಣ್ಣಿಗೆ ಕಟ್ಟಿದುದು ಆ ಮಂಜಿನ ದಾರಿ.

ಇನ್ನು ನನ್ನ ಋಣದ ಮಾತು. ಏಳನೆಯ ತರಗತಿ ಮುಗಿದಾಗ ನನ್ನ ತಾಯಿಯು ಹಾಸಿಗೆ ಹಿಡಿದಿದ್ದರು. ತಂದೆಯವರು ನನ್ನ ಓದನ್ನು ನಿಲ್ಲಿಸಲು ನಿಶ್ಚಯಿಸಿದರು. ಅಂದು ಸಂಜೆ ದೊಡ್ಡಮ್ಮನವರು ಬಂದು ಜಗಲಿಯಲ್ಲಿ ಕುಳಿತು, “ತಮ್ಮಾ, ಕಾಫಿ ಪ್ರತಿವರ್ಷವೂ ಹಣ್ಣಾಗುವುದು. ಈ ಹುಡುಗಿಗೆ ಹದಿಮೂರು ವರ್ಷ ಮತ್ತೊಮ್ಮೆ ಬಾರದು” ಎಂದರು.

“ಮನೆ ನೋಡುವವರಾರು, ದೊಡ್ಡಮ್ಮ?”

“ನಾನಿಲ್ಲವೇ?”

ಅದು ಬರಿಯ ಮಾತಾಗಲಿಲ್ಲ. ನಾನು ಮಿಷನ್ ಶಾಲೆಯ ಹಾಸ್ಟೆಲಿಗೆ ಹೋದೆನು. ಅರವತ್ತು ದಾಟಿದ ಅವರು ತಮ್ಮ ಮನೆಯ ಅಡಿಗೆ ಮುಗಿಸಿ ನಮ್ಮ ಮನೆಗೆ ಬಂದು, ನೀರು ಸೇದಿ, ಗಂಜಿ ಬೇಯಿಸಿ, ನನ್ನ ತಾಯಿಗೆ ಉಣ್ಣಿಸಿ ಹೋಗುತ್ತಿದ್ದರು. ತಾಯಿಯು ಎದ್ದು ಓಡಾಡುವವರೆಗೆ ಎರಡು ವರ್ಷ ಹೀಗೆಯೇ ನಡೆಯಿತು.

ಶಿಕ್ಷಕ ತರಬೇತಿಯ ಪ್ರಮಾಣಪತ್ರವನ್ನು ಪಡೆದು ಊರಿಗೆ ಹೋದಾಗ ಅವರು ಅದನ್ನು ಸೆರಗಿನಲ್ಲಿ ಕೈಯೊರಸಿಕೊಂಡು ಹಿಡಿದು, “ಏನು ಬರೆದಿದ್ದಾರೆ? ಓದಿ ಹೇಳು ಮಗಳೇ” ಎಂದರು. ಬಸ್ಸಿನ ಅವಸರದಲ್ಲಿದ್ದ ನಾನು, “ಅದು ಇಂಗ್ಲಿಷು, ನಿಮಗೆ ತಿಳಿಯದು” ಎಂದುಬಿಟ್ಟೆನು. ಅವರು ನಕ್ಕು ಹಿಂದಕ್ಕೆ ಕೊಟ್ಟರು. ಅನಂತರ ಎಷ್ಟೋ ಸಲ ಊರಿಗೆ ಹೋದೆನು. ಅದನ್ನು ಓದಿ ಹೇಳಲಿಲ್ಲ. ಅವರ ಶವಸಂಸ್ಕಾರದ ದಿನ, ಮಳೆಯಲ್ಲಿ ನೆನೆಯುತ್ತ ನಿಂತ ತೋಟದ ಆಳುಗಳ ನಡುವೆ, ಆ ಮಾತು ನನ್ನನ್ನು ಚುಚ್ಚಿದಂತೆ ಬೇರೊಂದು ಚುಚ್ಚಲಿಲ್ಲ. ಅವರ ಎರಡು ವರ್ಷದ ದುಡಿಮೆಯು ಆ ಕಾಗದದಲ್ಲಿತ್ತು. ಅದನ್ನೇ ಅವರಿಗೆ ತಿಳಿಯದೆಂದು ಹೇಳಿದ್ದೆನು!

2011ರ ಜನಗಣತಿಯೂ ಮನೆವಾರ್ತೆಯನ್ನು ಮಾತ್ರ ನೋಡಿಕೊಳ್ಳುವವರನ್ನು ಕೆಲಸಗಾರರಲ್ಲದವರೆಂದೇ ಎಣಿಸಿತು. ದೊಡ್ಡ ಲೆಕ್ಕವನ್ನು ತಿದ್ದುವ ಅಧಿಕಾರ ನನಗಿಲ್ಲ. ನಮ್ಮ ದಾಖಲೆಯ ಪುಸ್ತಕವು ನನ್ನ ಕೈಯಲ್ಲಿದೆ, ಅದರಲ್ಲಿ ಅಡ್ಡಗೆರೆಯಿಲ್ಲ. “ಗೃಹಿಣಿ” ಎಂದು ಪೂರ್ಣಾಕ್ಷರಗಳಲ್ಲಿ ಬರೆದು, ಬರೆದುದನ್ನು ಆ ತಾಯಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಅಂಕಪಟ್ಟಿಯು ಕೈಗೆ ಬಂದ ದಿನ ನೀವೂ ಮನೆಯಲ್ಲಿ ಹಾಗೆಯೇ ಮಾಡಿರಿ. ಬಸ್ಸು ಹೋದರೆ ಇನ್ನೊಂದು ಬರುವುದು.