ಗೊತ್ತಿದ್ದೂ ನೋಡುವುದು

ಕಥೆ ಗೊತ್ತಿರುವ ‘ಕಾಂತಾರ’ವನ್ನು ಮನೆಯಲ್ಲಿ ಮತ್ತೆ ನೋಡುವುದು ದಂಡ ಎನ್ನುವವರಿದ್ದಾರೆ. ಪುತ್ತೂರು, ಸುಳ್ಯ, ಕಡಬದ ಕಡೆಯವರಂತೂ ಈ ಮಾತು ಆಡಬಾರದು. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಸಾಯುತ್ತಾನೆಂದು ಗೊತ್ತಿದ್ದೇ ನಾವು ಯಕ್ಷಗಾನ ಬಯಲಾಟಕ್ಕೆ ಬೆಳಗಿನವರೆಗೆ ಕೂರುವುದು. 2022ರ ಈ ಸಿನಿಮಾದಲ್ಲೂ ದೈವನರ್ತಕ ಗುರುವನನ್ನು ಕೊಂದವರು ಯಾರೆಂದು ತಿಳಿದ ಮೇಲೆ, ಅಚ್ಯುತ್ ಕುಮಾರ್ ಅವರ ದೇವೇಂದ್ರ ಧಣಿಯ ನಯದ ಮಾತುಗಳಿಗೆಲ್ಲ ಬೇರೆ ಬಣ್ಣ ಬರುತ್ತದೆ. ಮೊದಲ ಸಲ ಖಳನಂತೆ ಕಂಡ ಅರಣ್ಯಾಧಿಕಾರಿ ಮುರಳಿಯ ಸಿಡುಕಿನಲ್ಲಿ ಒಂದಿಷ್ಟು ನ್ಯಾಯವೂ ಕಾಣುತ್ತದೆ.

ಆಟ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ, ಕಲಾವಿದ ರಂಗದಲ್ಲೇ ಹೊಸ ಅರ್ಥ ಹೇಳುತ್ತಾನೆ, ಸಿನಿಮಾ ಹಾಗಲ್ಲವಲ್ಲ ಎನ್ನಬಹುದು. ನಿಜ, ಇಲ್ಲಿ ಬದಲಾಗುವುದು ನೋಡುವವರ ತಿಳಿವಳಿಕೆ ಮಾತ್ರ, ಅದೇನೂ ಸಣ್ಣದಲ್ಲ. ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ: ಗುಳಿಗ ದೈವದ ಆವೇಶವನ್ನು ರಿಮೋಟ್ ಒತ್ತಿ ಹಿಂದಕ್ಕೆ ಓಡಿಸಿ ನೋಡಬಹುದೇ? ದೈವದ ಕೋಲಕ್ಕೆ ಹೊತ್ತಿದೆ, ಕಟ್ಟುಕಟ್ಟಳೆಯಿದೆ. ಬೇಕೆಂದಾಗ ಇನ್ನೊಮ್ಮೆ ಕುಣಿಸುವಂಥದ್ದಲ್ಲ ಅದು. ಸಿನಿಮಾವನ್ನು ಕೋಲದ ಸಾಲಿನಲ್ಲಿಟ್ಟರೆ ತಪ್ಪೇ, ಆಟದ ಸಾಲಿನಲ್ಲಿಟ್ಟರೆ ಅಲ್ಲ. ಹಾಗೆ ಆಟವಾಗಿ ನೋಡಲು ಮನೆಯ ನೋಟವೇ ಅನುಕೂಲ. ಥಿಯೇಟರಿನ ಸದ್ದು ಎದೆಗೆ ಬಡಿದು ಭಕ್ತಿ ಹುಟ್ಟಿಸುತ್ತಿತ್ತು. ಟಿವಿಯ ಸಣ್ಣ ದನಿಯಲ್ಲಿ ರಿಷಬ್ ಶೆಟ್ಟಿಯವರ ಅಭಿನಯ ಅಭಿನಯವಾಗಿಯೇ ಕಾಣುತ್ತದೆ.